ಭಾನುವಾರ ಮುಸುರೆ ತಿಕ್ಕೋರು ಯಾರು?

ಸಂಪಾದಕರಿಗೆ ನಮಸ್ಕಾರ,

ನಮ್ಮ ಮಾವನೋರ ಕಾಲದಿಂದ್ಲೂ ನಿಮ್ಮ ಪೇಪರ್ ನಮ್ಮನೆಗೆ ಬರ್ತಿದೆ, ಆ ಸಲಿಗೇಲೇ ಇದನ್ನ ಬರೀತಿದೀನಿ, ಉದ್ದ ಆಯ್ತು ಅನ್ಸಿದ್ರೆ ಕತ್ತರಿಸ್ಕೊಳ್ಳಿ.

ಪೇಪರ್‌ನೋರಿಗೆ ನಾವು ಕ್ರೈಸ್ತರು ವರ್ಷಕ್ಕೆ ಎರಡು ಸಲ ನೆನಪಾಗ್ತೀವಿ. ಜುಲೈ 1 ಬಂದ್ರೆ ಪತ್ರಿಕಾ ದಿನಾಚರಣೆ, ಆವತ್ತು ಮಿಷನರಿ ಹರ್ಮನ್ ಮೊಗ್ಲಿಂಗ್ ಫೋಟೋ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಶುರು ಮಾಡಿದ ಕತೆ. ಆಮೇಲೆ ಡಿಸೆಂಬರ್ 25, ಕೇಕು, ನಕ್ಷತ್ರ, ಗೋದಲಿ, ಕೆಂಪು ಟೋಪಿ ಹಾಕ್ಕೊಂಡಿರೋ ಮಗು. ಬೇಜಾರೇನಿಲ್ಲ, ನೋಡೋಕೆ ಚೆನ್ನಾಗೇ ಇರತ್ತೆ. ಮತ್ತೆ ನಿಮ್ಮನ್ನೇ ಅಂದು ಏನು ಪ್ರಯೋಜನ, ನಾವೂ ಹಾಗೇ ಇದೀವಿ. ನಿಮ್ಮ ಧರ್ಮದಿಂದ ಈ ನಾಡಿಗೆ ಏನು ಉಪಯೋಗ ಆಯ್ತು ಅಂತ ಯಾರಾದ್ರೂ ಕೇಳಿದ್ರೆ ಸಾಕು ನಮ್ಮೋರು ಶುರು ಹಚ್ಕೋತಾರೆ, 1894ರ ಕಿಟ್ಟೆಲ್ ನಿಘಂಟು, ಜೆಪ್ಪು ಹೆಂಚಿನ ಕಾರ್ಖಾನೆ, ಕಂಕನಾಡಿ ಫಾದರ್ ಮುಲ್ಲರ್ ಆಸ್ಪತ್ರೆ, ನಮ್ಮ ಮೈಸೂರಿನೋರು ಮಿಷನ್ ಆಸ್ಪತ್ರೆ ಅಂತಾನೇ ಕರೆಯೋ 1906ರ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಎಲ್ಲಾ ನಿಜ, ಒಂದೂ ಸುಳ್ಳಲ್ಲ. ಆದ್ರೆ ಇದರಲ್ಲಿ ನಮ್ಮದು ಅಂತ ಏನಿದೆ ಹೇಳಿ? ಅಜ್ಜ ತುಪ್ಪ ತಿಂದಿದ್ದ ನನ್ನ ಕೈ ಮೂಸಿ ನೋಡು ಅನ್ನೋ ಹಾಗಾಯ್ತು. ಕಿಟ್ಟೆಲ್ ಅವರ ವಿಶ್ವಾಸ ಕಿಟ್ಟೆಲ್ ಬದುಕಿದ್ರು. ಜುಲೈಗೂ ಡಿಸೆಂಬರ್‌ಗೂ ಮಧ್ಯ ಇರೋ ಸಾದಾ ದಿನಗಳಲ್ಲಿ, ನಮ್ಮನೆ ಅಡುಗೆಮನೇಲಿ ನಮ್ಮ ವಿಶ್ವಾಸ ಎಲ್ಲಿದೆ ಅನ್ನೋದು ನನ್ನ ಪ್ರಶ್ನೆ.

ದೊಡ್ಡ ದೊಡ್ಡ ವಿಷಯ ಎತ್ತಲ್ಲ. ಒಂದೇ ಒಂದು ವಿಷಯ ತಗೋತೀನಿ, ಭಾನುವಾರ.

ನಾವು ಸಿಎಸ್ಐನೋರು, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನೋ ಪ್ರೊಟೆಸ್ಟೆಂಟ್ ಸಭೆಯೋರು. ಭಾನುವಾರ ಬೆಳಗ್ಗೆ ಎಂಟೂವರೆಗೆ ಕನ್ನಡ ಆರಾಧನೆ. ಅದಕ್ಕೆ ಮುಂಚೆ ಮಟನ್ ಅಂಗಡಿ ಮುಂದೆ ಕ್ಯೂ, ಆ ಕ್ಯೂನಲ್ಲಿ ಅರ್ಧ ಸಭೆ ಸಿಗತ್ತೆ, ಇದು ಮೈಸೂರಿನೋರಿಗೆಲ್ಲಾ ಗೊತ್ತಿರೋದೇ. ಮನೆ ಕೆಲಸಕ್ಕೆ ಬರೋ ಅಮ್ಮನಿಗೆ ಶನಿವಾರನೇ ಹೇಳಿರ್ತಾರೆ, ನಾಳೆ ಸ್ವಲ್ಪ ಬೇಗ ಬಾ, ಬೆಳ್ಳುಳ್ಳಿ ಬಿಡಿಸ್ಬೇಕು ಈರುಳ್ಳಿ ಹೆಚ್ಬೇಕು, ಮಧ್ಯಾಹ್ನ ಮೂರು ಗಂಟೆಗೆ ಇನ್ನೊಂದ್ಸಲ ಬಂದು ಮುಸುರೆ ತಿಕ್ಕಿ ಹೋಗು, ನೆಂಟರು ಬರ್ತಾರೆ. ಬಿರಿಯಾನಿ ತಳ ಹಿಡಿದಿರೋ ದಬರಿ, ಜಿಡ್ಡು ತಟ್ಟೆ, ಮೂಳೆ ತುಂಬಿರೋ ಸಿಂಕು, ಇದೆಲ್ಲಾ ಅವ್ರ ಪಾಲಿನ ಭಾನುವಾರ. ಅಂದ್ರೆ ವಾರದಲ್ಲಿ ಅವ್ರಿಗೆ ಅತಿ ಹೆಚ್ಚು ಕೆಲಸ ಬೀಳೋ ದಿನ ಯಾವುದು ಅಂದ್ರೆ ನಾವು ವಿಶ್ರಾಂತಿ ದಿನ ಅಂತ ಕರೆಯೋ ದಿನ. ನಾವು ಆವತ್ತು ಬೆಳಗ್ಗೆ ಕರ್ತನ ದಿನ ಅಂತ ಬಿಳಿ ಸೀರೆ ಉಟ್ಕೊಂಡು ಹೋಗಿರ್ತೀವಿ.

ಈಗ ಬೈಬಲ್‌ನಲ್ಲಿ ಆ ದಿನದ ಬಗ್ಗೆ ಇರೋ ಆಜ್ಞೆ ತೆಗೆದು ಓದಿ. ಹತ್ತು ಆಜ್ಞೆಗಳನ್ನ ಸಂಡೇ ಸ್ಕೂಲ್‌ನಲ್ಲಿ ಬಾಯಿಪಾಠ ಮಾಡಿಸಿರ್ತಾರೆ, ಆದ್ರೆ ನಾಲ್ಕನೇದನ್ನ ಸಬ್ಬತ್ ದಿನವನ್ನ (ಅಂದ್ರೆ ವಾರದ ವಿಶ್ರಾಂತಿ ದಿನವನ್ನ) ಪರಿಶುದ್ಧವಾಗಿ ಆಚರಿಸು ಅನ್ನೋವರೆಗೆ ಹೇಳಿಸಿ ನಿಲ್ಲಿಸಿಬಿಡ್ತಾರೆ. ಪೂರ್ತಿ ಓದಿದ್ರೆ ಅಲ್ಲೊಂದು ಪಟ್ಟಿ ಇದೆ, ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ನಿನ್ನ ಊರಲ್ಲಿರೋ ಪರದೇಶದವನು, ಇವ್ರು ಯಾರೂ ಆವತ್ತು ಕೆಲಸ ಮಾಡಬಾರದು. ಧರ್ಮೋಪದೇಶಕಾಂಡ ಐದನೇ ಅಧ್ಯಾಯದಲ್ಲಂತೂ ಕಾರಣನೂ ಕೊಟ್ಟಿದೆ, ನಿನಗೆ ಹೇಗೋ ಹಾಗೇ ನಿನ್ನ ದಾಸ ದಾಸಿಗೂ ವಿಶ್ರಾಂತಿ ಸಿಗಲಿ ಅಂತ. ಅಲ್ಲಿಗೇ ಬಿಟ್ಟಿಲ್ಲ, ನೀನೂ ಈಜಿಪ್ಟಲ್ಲಿ ದಾಸನಾಗಿದ್ದೆ ಅದು ನೆನಪಿಟ್ಕೋ ಅಂತಾನೂ ಸೇರಿಸಿದೆ. ಈ ಕಾರಣ ಓದಿದ್ಮೇಲೆ ನನಗಂತೂ ಅನ್ಸೋದು, ಆ ದಿನವನ್ನ ಇಟ್ಟಿದ್ದೇ ಯಜಮಾನನಿಗೆ ಎದುರು ಮಾತಾಡೋಕಾಗದೇ ಇರೋರನ್ನ ಮನಸಲ್ಲಿಟ್ಕೊಂಡು. ಯಜಮಾನನಿಗೆ ಬೇಕು ಅಂದಾಗ ರಜ ತಗೊಳ್ಳೋಕೆ ಯಾರ ಅಪ್ಪಣೆನೂ ಬೇಕಾಗಿರ್ಲಿಲ್ಲ.

(ಆ ಪಟ್ಟೀಲಿ ಹೆಂಡತಿ ಹೆಸರು ಇಲ್ಲ ಅನ್ನೋದನ್ನೂ ಗಮನಿಸಿದೀನಿ. ನೀನು ಅಂದ್ರೆ ಅದರಲ್ಲೇ ಅವಳೂ ಸೇರಿದ್ಲು ಅಂತ ತಿಳ್ಕೊಂಡೋರು ಹೇಳ್ತಾರೆ, ಹಾಗಾದ್ರೆ ನಮ್ಮ ಗಂಡಸ್ರೂ ಹಾಗೇ ಓದ್ಲಿ.)

ಸಬ್ಬತ್ ಅಂದ್ರೆ ಶನಿವಾರನೋ ಭಾನುವಾರನೋ ಅನ್ನೋ ಜಗಳ ಬೇರೆ ಇದೆ, ಅದು ಇಲ್ಲಿ ಬೇಡ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರ ಕೋರ್ಟು, ಕಸುಬು ಎಲ್ಲಾ ಬಂದ್ ಅಂತ ಆಜ್ಞೆ ಹೊರಡಿಸಿದ, ಆದ್ರೆ ಹೊಲದ ಕೆಲಸಕ್ಕೆ ಮಾತ್ರ ವಿನಾಯ್ತಿ ಕೊಟ್ಟ, ಬಿತ್ತನೆ ಹದ ತಪ್ಪಬಾರದು ಅಂತ. ಊರಿನೋರಿಗೆ ರಜ, ಹೊಲದಲ್ಲಿ ದುಡಿಯೋರಿಗೆ ಇಲ್ಲ, ಈ ಲೆಕ್ಕ ಆಗಿಂದ್ಲೇ ಶುರು ನೋಡಿ. ಇನ್ನು ನಮ್ಮ ದೇಶದ್ದು ಕೇಳಿದ್ರೆ ನಾವು ನಾಚ್ಕೋಬೇಕು. ಕ್ರೈಸ್ತ ರಾಣಿಯ ಆಳ್ವಿಕೆ ಇದ್ದ ಕಾಲದಲ್ಲಿ ಬಾಂಬೆ ಮಿಲ್‌ಗಳಲ್ಲಿ ಕಾರ್ಮಿಕರಿಗೆ ವಾರದ ರಜ ಇರ್ಲಿಲ್ಲ. ಅದಕ್ಕೋಸ್ಕರ ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಭಾನುವಾರದ ರಜ ಕೊಡಿಸಿದ್ದು ನಾರಾಯಣ ಮೇಘಾಜಿ ಲೋಖಂಡೆ, ಜ್ಯೋತಿಬಾ ಫುಲೆ ಜೊತೆಗಾರರು, ಫುಲೆ ಕಟ್ಟಿದ ಸತ್ಯಶೋಧಕ ಸಮಾಜದೋರು. ಚರ್ಚ್‌ನೋರಲ್ಲ. ನಾಲ್ಕನೇ ಆಜ್ಞೆ ಗೋಡೇಲಿ ತಗುಲಿ ಹಾಕ್ಕೊಂಡಿದ್ದೋರು ಸುಮ್ನಿದ್ರು, ಅದನ್ನ ಮಾಡಿ ತೋರಿಸಿದೋರು ಬೇರೆಯೋರು.

ನಮ್ಮ ಸ್ತ್ರೀಯರ ಕೂಟದಲ್ಲಿ ನಾನು ಈ ಮಾತೆತ್ತಿದಾಗ ಬಂದ ಉತ್ತರಗಳನ್ನ ಹೇಳ್ಲೇಬೇಕು, ಯಾಕಂದ್ರೆ ಇವೇ ಉತ್ತರ ಎಲ್ಲಾ ಮನೇಲೂ ಇರೋದು.

ಮೊದಲ್ನೇದು, ಅಯ್ಯೋ ಅವ್ರೇ ರಜ ಕೇಳಲ್ವಲ್ಲ ಅಂತ. ಹೇಗೆ ಕೇಳ್ತಾರೆ? ರಜ ಕೇಳಿದ್ರೆ ಸಂಬಳ ಹಿಡೀತಾರೆ ಅಂತ ಅವ್ರಿಗೆ ಗೊತ್ತು. ನಾಲ್ಕು ಮನೆ ಕೆಲಸ ಮಾಡೋರಿಗೆ ಒಂದು ಮನೆ ರಜ ಕೊಟ್ರೂ ಇನ್ನು ಮೂರು ಮನೆಗೆ ಬರ್ಲೇಬೇಕು, ಅದು ಅರ್ಧ ರಜನೂ ಅಲ್ಲ. ಅದಕ್ಕೇ ನಾನು ಹೇಳೋದು ಒಂದು ಬೀದಿಯ ಮನೆಗಳು, ಒಂದು ಅಪಾರ್ಟ್‌ಮೆಂಟಿನ ಮನೆಗಳು ಮಾತಾಡ್ಕೊಂಡು ಒಂದೇ ದಿನ ಬಿಡ್ಬೇಕು, ಸಂಬಳ ಹಿಡೀದೇ ಬಿಡ್ಬೇಕು, ಮಾರನೇ ದಿನಕ್ಕೆ ಎರಡು ದಿನದ ಪಾತ್ರೆ ಗುಡ್ಡೆ ಹಾಕಿಡ್ಬಾರದು. ಈ ಕೊನೇದು ತುಂಬಾ ಮುಖ್ಯ. ಎಷ್ಟೋ ಮನೇಲಿ ಭಾನುವಾರ ಬರಬೇಡಮ್ಮ ಅಂತಾರೆ, ಸೋಮವಾರ ಬಂದು ನೋಡಿದ್ರೆ ಸಿಂಕು ತುಂಬಿ ನೆಲಕ್ಕೆ ಇಳಿದಿರತ್ತೆ.

ಎರಡ್ನೇದು, ಅವ್ರು ನಮ್ಮ ಧರ್ಮದೋರಲ್ವಲ್ಲ, ಅವ್ರಿಗೆ ಭಾನುವಾರ ಯಾಕೆ, ಯುಗಾದಿಗೆ ಗೌರಿ ಹಬ್ಬಕ್ಕೆ ರಜ ಕೊಡ್ತೀವಲ್ಲ. ಮೇಲೆ ಹೇಳಿದ ಪಟ್ಟೀಲಿ ಪರದೇಶದವನು ಅಂತಿದೆ ಅಲ್ವಾ, ಅವನು ಅವ್ರ ಧರ್ಮದವನಾ? ಎತ್ತು ಕತ್ತೆಗೆ ಯಾವ ಧರ್ಮ? ಇನ್ನೊಂದು, ಭಾನುವಾರನೇ ಆಗ್ಬೇಕು ಅಂತ ನಾನೂ ಹಟ ಮಾಡಲ್ಲ, ಅವ್ರಿಗೆ ಶುಕ್ರವಾರ ಬೇಕಂದ್ರೆ ಶುಕ್ರವಾರ ಕೊಡಿ. ಆದ್ರೆ ಕೇಳಿ ನೋಡಿ, ಹೆಚ್ಚಿನೋರು ಭಾನುವಾರನೇ ಅಂತಾರೆ, ಮಕ್ಕಳು ಮನೇಲಿರೋದು ಆವತ್ತೇ, ಸಂಘದ ಮೀಟಿಂಗ್ ಇರೋದೂ ಆವತ್ತೇ.

ಮೂರ್ನೇದು ನಮ್ಮ ಪ್ರೊಟೆಸ್ಟೆಂಟ್‌ನೋರ ಸ್ಪೆಷಲ್ಲು. ನಾವು ಧರ್ಮಶಾಸ್ತ್ರಕ್ಕೆ ಅಧೀನರಲ್ಲ, ಕೃಪೆಗೆ ಅಧೀನರು ಅಂತ. ಅಪೊಸ್ತಲ ಪೌಲ ಹಾಗೆ ಹೇಳಿದ್ದು ನಿಜ. ಆದ್ರೆ ದಶಮಾಂಶದ ವಿಷಯ ಬಂದಾಗ ಮಾತ್ರ ಮಲಾಕಿಯ ಪುಸ್ತಕ ತೆಗೆದು ಹತ್ತರಲ್ಲಿ ಒಂದು ಪಾಲು ತನ್ನಿ ಅಂತ ಜೋರಾಗಿ ಪ್ರಸಂಗ ಮಾಡ್ತೀವಲ್ಲ, ಆಗ ಕೃಪೆ ಎಲ್ಲಿ ಹೋಗಿರತ್ತೆ? ಕೆಲಸದೋರ ರಜ ಬಂದಾಗ ಕೃಪೆ, ಕಾಣಿಕೆ ಬಂದಾಗ ಧರ್ಮಶಾಸ್ತ್ರ. ಮತ್ತೆ ಯೇಸು ಸ್ವಾಮಿ ಸಬ್ಬತ್ ದಿನದ ಬಗ್ಗೆ ಜಗಳ ಆಡಿದ್ದೆಲ್ಲಾ ಯಾರ ಪರವಾಗಿ ಅಂತ ನೋಡಿ. ಲೂಕ 13ರಲ್ಲಿ ಹದಿನೆಂಟು ವರ್ಷದಿಂದ ಬೆನ್ನು ಬಗ್ಗಿಹೋಗಿದ್ದ ಒಬ್ಬ ಹೆಂಗಸು ಸಭಾಮಂದಿರಕ್ಕೆ ಬರ್ತಾಳೆ, ನೆಟ್ಟಗೆ ನಿಲ್ಲೋಕೇ ಆಗ್ತಿರ್ಲಿಲ್ಲ ಅವಳಿಗೆ. ಆತ ವಾಸಿ ಮಾಡಿದ್ರೆ ಮಂದಿರದ ಅಧಿಕಾರಿಗೆ ಕೋಪ, ಕೆಲಸಕ್ಕೆ ಆರು ದಿನ ಇದೆ ಆ ದಿನ ಬನ್ನಿ ಅಂತ. ಆಗ ಯೇಸು ಅನ್ನೋದು, ಸಬ್ಬತ್ತಲ್ಲಿ ನಿಮ್ಮ ಎತ್ತು ಕತ್ತೆ ಬಿಚ್ಚಿ ನೀರು ಕುಡಿಸೋಕೆ ಕರ್ಕೊಂಡು ಹೋಗ್ತೀರಲ್ಲ, ಇವಳೂ ಅಬ್ರಹಾಮನ ಮಗಳು, ಇವಳನ್ನ ಬಿಡಿಸಬಾರದಾ ಅಂತ. ನಮ್ಮನೇಲಿ ಕಸ ಗುಡಿಸಿ ನೆಲ ಒರೆಸಿ ಬೆನ್ನು ಬಗ್ಗಿರೋರನ್ನ ನೋಡಿದಾಗೆಲ್ಲಾ ಈ ಭಾಗ ನನಗೆ ಕಣ್ಮುಂದೆ ಬರತ್ತೆ. ಇದನ್ನ ಬರೀ ರೋಗ ವಾಸಿಯಾದ ಕತೆ ಅಂತ ಪ್ರಸಂಗ ಮಾಡೋರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಹಾಸಿಗೆ ಹಿಡಿದಿರೋ ಅತ್ತೆ ಮಾವ ಇರೋ ಮನೆಗೆ ಹೋಮ್ ನರ್ಸ್ ಇಲ್ದೆ ಆಗಲ್ಲ, ಆಸ್ಪತ್ರೆ ಬಸ್ಸು ಕರೆಂಟು ನಿಲ್ಸೋಕಾಗಲ್ಲ, ಅದು ಯಾರಿಗೂ ಗೊತ್ತಿರೋ ಮಾತು. ಅಂಥೋರಿಗೆ ಬೇರೆ ದಿನ.

ಎರಿಕ್ ಲಿಡೆಲ್ ಕತೆನೂ ಹೇಳ್ಬಿಡ್ತೀನಿ, ನಮ್ಮ ಯೌವನಸ್ಥರ ಕ್ಯಾಂಪ್‌ಗಳಲ್ಲಿ ಇದು ಬರ್ದೇ ಇರಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್ ಭಾನುವಾರ ಬಂತು ಅಂತ ಓಡಲ್ಲ ಅಂದ್ರು, ಆಮೇಲೆ 400 ಮೀಟರ್‌ನಲ್ಲಿ ಚಿನ್ನ ಗೆದ್ರು, ಕೊನೆಗೆ ಚೀನಾದಲ್ಲಿ ಮಿಷನರಿ ಆಗಿದ್ದು ಜಪಾನಿನೋರ ಕ್ಯಾಂಪ್‌ನಲ್ಲಿ 1945ರಲ್ಲಿ ತೀರ್ಕೊಂಡ್ರು. ದೊಡ್ಡ ಮನುಷ್ಯರು, ಎರಡು ಮಾತಿಲ್ಲ. ಆದ್ರೆ ಅವ್ರು ಬಿಟ್ಟಿದ್ದು ತಮ್ಮ ಓಟ. ನಾವು ಏನೂ ಬಿಡ್ದೆ, ನಮ್ಮ ಬದ್ಲು ಕೆಲಸದಮ್ಮನ್ನ ಓಡಿಸಿ, ಲಿಡೆಲ್ ಸಾಕ್ಷಿ ಕೇಳಿ ಆಮೆನ್ ಅಂತೀವಿ. ಈಗಂತೂ ಅಡುಗೆನೂ ಬೇಡ ಅಂತ ಫೋನ್‌ನಲ್ಲಿ ಒತ್ತಿಬಿಡ್ತಾರೆ, ಮಳೇಲಿ ನೆನ್ಕೊಂಡು ಡೆಲಿವರಿ ಹುಡುಗ ಬರ್ತಾನೆ, ಗೇಟ್ ಹತ್ರ ಎರಡು ನಿಮಿಷ ಲೇಟಾದ್ರೆ ಬೈತಾರೆ, ಬೈಯೋರ ಕೈಲಿ ಇನ್ನೂ ಬೈಬಲ್ಲು ಗೀತೆ ಪುಸ್ತಕ ಇರತ್ತೆ.

ರಜ ಒಂದೇ ಅಲ್ಲ, ಸಂಬಳದ ವಿಷಯನೂ ಇದಕ್ಕೇ ಅಂಟ್ಕೊಂಡಿದೆ. ಆಮೋಸ ಪ್ರವಾದಿ ಎಂಟನೇ ಅಧ್ಯಾಯದಲ್ಲಿ ವ್ಯಾಪಾರಿಗಳನ್ನ ಬೈಯೋ ರೀತಿ ನೋಡ್ಬೇಕು, ಸಬ್ಬತ್ ಯಾವಾಗ ಮುಗಿಯತ್ತಪ್ಪಾ ಗೋದಿ ಮಾರೋಣ, ಅಳತೆ ಕಮ್ಮಿ ಮಾಡೋಣ, ಸುಳ್ಳು ತಕ್ಕಡೀಲಿ ತೂಗೋಣ ಅಂತ ಕಾಯ್ತಾ ಕೂತಿರೋರು ಇವ್ರು ಅಂತ. ಅಂದ್ರೆ ಸಬ್ಬತ್ತನ್ನ ಅವ್ರು ತಪ್ಪದೇ ಆಚರಿಸ್ತಿದ್ರು, ತಪ್ಪು ಇದ್ದಿದ್ದು ತಕ್ಕಡೀಲಿ. ಯಾಜಕಕಾಂಡ 19ರಲ್ಲಿ ಕೂಲಿಯವನ ಕೂಲಿಯನ್ನ ಬೆಳಗ್ಗೆವರೆಗೆ ಇಟ್ಕೋಬೇಡ ಅಂತಿದೆ, ಯಾಕೋಬನ ಪತ್ರದಲ್ಲಿ ಕೊಡ್ದೇ ಹಿಡ್ಕೊಂಡಿರೋ ಕೂಲಿನೇ ಕೂಗಾಡತ್ತೆ ಅಂತಿದೆ. ನಮ್ಮಲ್ಲಿ ಮನೆಗೆಲಸದೋರ ಸಂಬಳ ಒಂದನೇ ತಾರೀಖು ಎಷ್ಟು ಮನೇಲಿ ಕೊಡ್ತಾರೆ? ಐದು, ಏಳು, ಹತ್ತು, ಚೇಂಜ್ ಇಲ್ಲ, ಎಟಿಎಂಗೆ ಹೋಗಿಲ್ಲ, ಯಜಮಾನ್ರು ಊರಲ್ಲಿಲ್ಲ. ಫೋನ್ ಪೇ ಬಂದ್ಮೇಲೂ ಚೇಂಜ್ ಇಲ್ಲ ಅನ್ನೋ ನೆಪ ನಿಂತಿಲ್ಲ. ಅವ್ರ ಸ್ತ್ರೀಶಕ್ತಿ ಸಂಘದ ಕಂತು, ಮೈಕ್ರೋ ಫೈನಾನ್ಸ್‌ನೋರ ಕಂತು ತಾರೀಖು ತಪ್ಪಂಗಿಲ್ಲ, ಅದು ನಮಗೆ ಗೊತ್ತಿದ್ದೂ ಗೊತ್ತಿಲ್ಲ.

ಕಾನೂನು ನಮಗಿಂತ ಮುಂದಿದೆ. ಕರ್ನಾಟಕದಲ್ಲಿ 2004ರಲ್ಲೇ ಮನೆಗೆಲಸದೋರನ್ನ ಕನಿಷ್ಠ ವೇತನದ ವ್ಯಾಪ್ತಿಗೆ ತಂದಿದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದೋರ ಬಗ್ಗೆ ಮಾಡಿದ 189ನೇ ಒಡಂಬಡಿಕೆಯಲ್ಲಿ ವಾರಕ್ಕೆ ಒಂದೇ ಸಮ ಕಮ್ಮಿ ಅಂದ್ರೂ 24 ಗಂಟೆ ವಿಶ್ರಾಂತಿ ಕೊಡ್ಬೇಕು ಅಂತಿದೆ. ಭಾರತ ಇನ್ನೂ ಅದನ್ನ ಅನುಮೋದಿಸಿಲ್ಲ. ಸರ್ಕಾರ ಸಹಿ ಹಾಕ್ಲಿ ಬಿಡ್ಲಿ, ಸೀನಾಯಿ ಬೆಟ್ಟದಲ್ಲಿ ಬಂದ ಹತ್ತು ಆಜ್ಞೆಗಳನ್ನ ಒಪ್ಕೊಂಡಿದೀವಿ ಅನ್ನೋರಿಗೆ ಜಿನೀವಾದಲ್ಲಿರೋ ಆ ಸಂಘಟನೆಯ ಅಪ್ಪಣೆ ಯಾಕೆ ಬೇಕು?

ಇನ್ನು ಚರ್ಚುಗಳ ವಿಷಯ. ಯಾವ ಚರ್ಚು ಅಂತ ಹೇಳಲ್ಲ, ಹೇಳೋ ಅಗತ್ಯನೂ ಇಲ್ಲ, ಓದಿದೋರಿಗೆಲ್ಲಾ ತಮ್ಮದೇ ಅನ್ಸತ್ತೆ. ಸುಗ್ಗಿ ಹಬ್ಬ ಬಂದ್ರೆ ನಮ್ಮ ಕಾಂಪೌಂಡಲ್ಲಿ ಜಾತ್ರೆ ಕಳೆ. ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಕೋಳಿ, ಕಬ್ಬು, ಸಭೆಯೋರು ತಂದು ದೇವರಿಗೆ ಅರ್ಪಿಸ್ತಾರೆ, ಆಮೇಲೆ ಏಲಂ. ಒಂದು ಕುಂಬಳಕಾಯಿ ಇಬ್ರು ಶ್ರೀಮಂತರ ಜಿದ್ದಿಗೆ ಬಿದ್ದು ಸಾವಿರಾರು ರೂಪಾಯಿಗೆ ಹೋಗತ್ತೆ, ಎಲ್ಲಾ ಚಪ್ಪಾಳೆ. ಅದು ತಮಾಷೆ, ಇರ್ಲಿ, ದುಡ್ಡೂ ಒಳ್ಳೇದಕ್ಕೇ ಹೋಗತ್ತೆ. ಆದ್ರೆ ಅದೇ ಕಾಂಪೌಂಡಲ್ಲಿ ಗೇಟ್ ಕಾಯೋ ಮುದುಕಪ್ಪನಿಗೆ ವಾರದ ರಜ ಯಾವ ದಿನ ಅಂತ ಕಮಿಟಿಯೋರನ್ನ ಕೇಳಿ, ಒಬ್ಬರ ಮುಖ ಒಬ್ಬರು ನೋಡ್ತಾರೆ. ಆತ ಬೆಳಗ್ಗೆ ಐದಕ್ಕೆ ಗೇಟ್ ತೆಗೀತಾನೆ, ಗಂಟೆ ಹೊಡೀತಾನೆ, ಬೆಂಚು ಒರೆಸ್ತಾನೆ, ಮದುವೆ ಇದ್ರೆ ರಾತ್ರಿ ಹನ್ನೊಂದಕ್ಕೆ ಚೇರ್ ಎತ್ತಿಡ್ತಾನೆ. ಭಾನುವಾರ ಆರಾಧನೆಗೆ ಮಾತ್ರ ಆತ ಒಳಗೆ ಕೂರಲ್ಲ, ಆಚೆ ನಿಂತು ಕಾರ್ ಪಾರ್ಕಿಂಗ್ ನೋಡ್ಕೋತಾನೆ. ವಾರ್ಷಿಕ ಸಭೇಲಿ ಬಜೆಟ್ ಓದುವಾಗ ಸೌಂಡ್ ಸಿಸ್ಟಮ್ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ಆಗತ್ತೆ, ಆತನ ಸಂಬಳದ ಸಾಲು ಒಂದೇ ಉಸ್ರಲ್ಲಿ ದಾಟಿಹೋಗತ್ತೆ.

ಈಜಿಪ್ಟಲ್ಲಿ ದಾಸನಾಗಿದ್ದೆ ನೆನಪಿಟ್ಕೋ ಅನ್ನೋ ಮಾತು ನಮ್ಮ ಹಳೇ ಮೈಸೂರಿನ ಸಭೆಗಳಿಗೆ ಬಹಳ ನೇರವಾಗಿ ತಾಗತ್ತೆ, ಅದನ್ನೇ ನಮ್ಮೋರು ಮರೆತಿರೋದು. 1876ರಿಂದ 78ರವರೆಗಿನ ಧಾತು ವರ್ಷದ ಬರದಲ್ಲಿ ಈ ಸೀಮೇಲಿ ಲಕ್ಷಗಟ್ಟಲೆ ಜನ ಸತ್ರು, ಅಪ್ಪ ಅಮ್ಮ ಕಳ್ಕೊಂಡ ಮಕ್ಕಳನ್ನ ಮಿಷನ್‌ನೋರು ಅನಾಥಾಲಯಗಳಲ್ಲಿ ಸಾಕಿದ್ರು. ನಮ್ಮಲ್ಲಿ ಎಷ್ಟೋ ಮನೆತನಗಳ ಬೇರು ಅಲ್ಲಿದೆ. ಮಂಗಳೂರು ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನೋರು ನೇಯ್ಗೆ, ಹೆಂಚು ಅಂತ ಕೆಲಸ ಶುರು ಮಾಡೋಕೆ ಒಂದು ಕಾರಣ ಮತಾಂತರ ಆದೋರಿಗೆ ಜಾತಿ ಕಸುಬು, ಜಮೀನು, ಆಸರೆ ಎಲ್ಲಾ ತಪ್ಪಿ ಹೊಟ್ಟೆಪಾಡು ಕಷ್ಟ ಆಗಿದ್ದು. ನಮ್ಮಜ್ಜಿ ಬಂಗ್ಲೆಯಲ್ಲಿ ಆಯಾ ಆಗಿದ್ರು, ದೊರೆಸಾನಿ ಮಗು ಎತ್ಕೊಂಡು ಓಡಾಡಿದ ಕತೆ ಎಷ್ಟ್ ಸಲ ಕೇಳಿದೀನೋ. ಆ ಬಂಗ್ಲೇಲಿ ಭಾನುವಾರ ಮಧ್ಯಾಹ್ನ ತಣ್ಣಗಿನ ಊಟ, ಶನಿವಾರನೇ ಮಾಡಿಟ್ಟಿದ್ದು, ಆಳುಗಳಿಗೆ ಮಧ್ಯಾಹ್ನದಿಂದ ಬಿಡುವು ಅಂತ ಅಜ್ಜಿ ಹೇಳ್ತಿದ್ರು. ಎಲ್ಲಾ ದೊರೆಗಳೂ ಹಂಗೇ ಇದ್ರು ಅಂತ ನಾನು ಹೇಳಲ್ಲ, ಹೊಡೀತಿದ್ದೋರೂ ಇದ್ರಂತೆ. ಒಟ್ಟಲ್ಲಿ ಆಯಾ ಮೊಮ್ಮಕ್ಕಳು ನಾವು ಇವತ್ತು ಬ್ಯಾಂಕು, ಸ್ಕೂಲು, ಐಟಿ ಅಂತ ಸೇರ್ಕೊಂಡು ಮನೆಗೆ ಆಳು ಇಟ್ಕೊಂಡಿದೀವಿ. ಅವ್ರಿಗೆ ಸ್ಟೀಲ್ ಲೋಟ ಬೇರೆ ಇಟ್ಟಿರೋ ಕ್ರೈಸ್ತ ಮನೆಗಳನ್ನೂ ಕಂಡಿದೀನಿ. ಜಾತಿ ಬಿಟ್ಟು ಬಂದೋರು ಅಂತ ಪುಸ್ತಕದಲ್ಲಿ ಬರಕೊಂಡಿದೀವಿ. ವಧು ವರರ ಜಾಹೀರಾತಲ್ಲಿ ಅದು ಎಷ್ಟು ನಿಜ ಅಂತ ನಿಮ್ಮ ಪೇಪರ್‌ನ ಭಾನುವಾರದ ಪುಟನೇ ಹೇಳತ್ತೆ. ಅದು ಬರೆಯೋಕೆ ಇನ್ನೊಂದು ಪತ್ರ ಬೇಕು.

ನಮ್ಮನೇಲಿ ಹೇಗೆ ನಡೆಯತ್ತೆ ಅಂತ ಕೇಳೋರಿಗೆ, ಸಾಧುಸಂತರ ಕೆಲಸವೇನಲ್ಲ ಇದು. ಮಟನ್ನು ಬಿರಿಯಾನಿ ಶನಿವಾರ ರಾತ್ರಿಗೆ ಹಾಕ್ಕೊಂಡ್ವಿ, ಭಾನುವಾರಕ್ಕೆ ಅನ್ನ, ತಿಳಿಸಾರು, ಹಪ್ಪಳ, ಒಂದು ಮೊಟ್ಟೆ. ನೆಂಟರು ಬಂದ್ರೂ ಅದೇ, ಮೊದಮೊದ್ಲು ಗೊಣಗಿದ್ರು, ಈಗ ಬರೋರೇ ಏನಾದ್ರೂ ಮಾಡ್ಕೊಂಡು ಬರ್ತಾರೆ. ಪಾತ್ರೆಗೆ ಯಜಮಾನ್ರು, ಒರೆಸಿ ಇಡೋಕೆ ಮಗ. ಯಜಮಾನ್ರು ಕುಕ್ಕರ್ ಗ್ಯಾಸ್ಕೆಟ್ ತೆಗೀದೇ ತೊಳೀತಾರೆ ಅದೊಂದು ರಗಳೆ ಬಿಟ್ರೆ ಮನೆ ಬಿದ್ದೋಗಿಲ್ಲ. ಕೆಲಸಕ್ಕೆ ಬರೋ ಅಮ್ಮ ಮೊದ್ಲು ಹೆದರಿದ್ರು, ಕೆಲಸದಿಂದ ತೆಗೀತಿದಾರೆ ಅಂತ. ಒಂದನೇ ತಾರೀಖು ಪೂರ್ತಿ ಸಂಬಳ ಕೈಗೆ ಬಂದ್ಮೇಲೆ ನಂಬಿದ್ದು.

ಎರಡು ಕೋರಿಕೆ ಇದೆ. ಸಭಾಪಾಲಕರಲ್ಲಿ ಒಂದು, ಪ್ರಕಟಣೆ ಓದುವಾಗ ಕೂಟದ ಸಮಯ, ಮದುವೆಯ ಪ್ರಕಟಣೆ, ಕಾಣಿಕೆ ಮೊತ್ತ ಎಲ್ಲಾ ಓದ್ತೀರಿ, ಚರ್ಚಿನ ವಾಚ್‌ಮನ್‌ಗೆ, ಕಸ ಗುಡಿಸೋರಿಗೆ ಈ ವಾರದ ರಜ ಯಾವತ್ತು ಅನ್ನೋದನ್ನೂ ಓದಿ, ಒಂದು ಸಾಲು ಸಾಕು. ಆವತ್ತು ಗೇಟಿಗೆ ಕಮಿಟಿ ಮೆಂಬರ್‌ಗಳು ಪಾಳಿ ಮೇಲೆ ನಿಲ್ಲಲಿ, ಕಾರ್ ಪಾರ್ಕಿಂಗ್ ನೋಡ್ಕೊಳ್ಳೋಕೆ ಡಿಗ್ರಿ ಬೇಡ.

ಇನ್ನೊಂದು ನಿಮ್ಮಲ್ಲಿ. ಚಿನ್ನ ಬೆಳ್ಳಿ ದರ ದಿನಾ ಹಾಕ್ತೀರಿ. ಕನಿಷ್ಠ ವೇತನ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಬದಲಾಗತ್ತೆ, ಮನೆಗೆಲಸದೋರಿಗೆ ಈ ವರ್ಷ ಎಷ್ಟು ಅಂತ ಅದೇ ಜಾಗದಲ್ಲಿ ಒಂದು ಚಿಕ್ಕ ಬಾಕ್ಸ್ ಹಾಕಿ, ವರ್ಷಕ್ಕೊಂದ್ಸಲ ಆದ್ರೂ ಆಯ್ತು, ದೊಡ್ಡ ಅಕ್ಷರದಲ್ಲಿ, ಕತ್ತರಿಸಿ ಫ್ರಿಜ್ ಮೇಲೆ ಅಂಟಿಸೋ ಹಾಗೆ. ಕ್ರಿಸ್ಮಸ್ ಪುಟದಲ್ಲಿ ಕೇಕ್ ಫೋಟೋ ಸ್ವಲ್ಪ ಚಿಕ್ಕದಾದ್ರೂ ನಾವು ಬೇಜಾರು ಮಾಡ್ಕೊಳ್ಳಲ್ಲ.

ಇಂತಿ,
ಸಿಎಸ್ಐ ಸಭೆಯ ಸದಸ್ಯೆ, ಮೈಸೂರು